ಡೈಸೈಕ್ಲೊಮೀನ್: ಹೊಟ್ಟೆ ನುಲಿತದ ಮಾತ್ರೆಯ ಒಳಹೊರಗು (ಪ್ರಶ್ನೋತ್ತರ)

ಪ್ರಶ್ನೆ (ಔಷಧ ಅಂಗಡಿ, ಹಾವೇರಿ): ಹೊಟ್ಟೆ ನುಲಿಯುತ್ತಿದೆ ಎಂದು ಬಂದವರು ಮೆಫ್ಟಾಲ್ ಸ್ಪಾಸ್ ಕೇಳುತ್ತಾರೆ. ಅದು ಮುಗಿದಿದ್ದರೆ ಸೈಕ್ಲೊಪಾಮ್ ಕೊಡಿ, ಅದೂ ಇಲ್ಲದಿದ್ದರೆ ಡ್ರೋಟಿನ್, ಬಸ್ಕೊಪಾನ್, ಕೊಲೊಸ್ಪಾ ಏನಾದರೂ ಕೊಡಿ ಎನ್ನುತ್ತಾರೆ. ಇವೆಲ್ಲ ನಿಜಕ್ಕೂ ಒಂದೇ ಕೆಲಸ ಮಾಡುತ್ತವೆಯೇ? ಒಂದರ ಬದಲು ಇನ್ನೊಂದನ್ನು ಕೊಡಬಹುದೇ?

ಉತ್ತರ (ಫಾರ್ಮಕಾಲಜಿ ಅಧ್ಯಾಪಕಿ): ಕೊಡಬಾರದು. ನೀವು ಹೇಳಿದ ಐದು ಹೆಸರಿನೊಳಗೆ ನಾಲ್ಕು ಬೇರೆ ಬೇರೆ ಸೆಳೆತ ನಿವಾರಕಗಳಿವೆ. ಮೇಲಾಗಿ ಎರಡರಲ್ಲಿ ನೋವುನಿವಾರಕವೂ ಸೇರಿಕೊಂಡಿದೆ.

ಮೆಫ್ಟಾಲ್ ಸ್ಪಾಸ್‌ನಲ್ಲಿ 250 ಮಿ.ಗ್ರಾಂ ಮೆಫೆನಮಿಕ್ ಆಮ್ಲ, 10 ಮಿ.ಗ್ರಾಂ ಡೈಸೈಕ್ಲೊಮೀನ್. ಸೈಕ್ಲೊಪಾಮ್ ಮಾತ್ರೆಯಲ್ಲಿ ಡೈಸೈಕ್ಲೊಮೀನ್ ಜೊತೆ ಪ್ಯಾರಾಸಿಟಮಾಲ್. ಡ್ರೋಟಿನ್ ಎಂದರೆ ಡ್ರೊಟಾವೆರಿನ್. ಬಸ್ಕೊಪಾನ್ ಎಂದರೆ ಹಯೊಸಿನ್ ಬ್ಯುಟೈಲ್‌ಬ್ರೋಮೈಡ್. ಕೊಲೊಸ್ಪಾ ಎಂದರೆ ಮೆಬೆವೆರಿನ್.

ಕರುಳಿನ ನಯಸ್ನಾಯು ಹೇಗೆ ಬಿಗಿಯುತ್ತದೆ ಎಂಬುದು ತಿಳಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಹೊರಬಂದು ಸ್ನಾಯುಕೋಶದ ಮೇಲಿನ ಎಂ3 ಮಸ್ಕರಿನಿಕ್ ಗ್ರಾಹಕಕ್ಕೆ ಕೂರುತ್ತದೆ. ಅದರಿಂದ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಕ್ಯಾಲ್ಸಿಯಂ ಕ್ಯಾಲ್ಮೊಡ್ಯುಲಿನ್ ಜೊತೆ ಸೇರಿ ಮಯೋಸಿನ್ ಕೈನೇಸ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ, ಸ್ನಾಯು ಕುಗ್ಗುತ್ತದೆ. ಡೈಸೈಕ್ಲೊಮೀನ್ ಮತ್ತು ಹಯೊಸಿನ್ ಬ್ಯುಟೈಲ್‌ಬ್ರೋಮೈಡ್ ಎರಡೂ ಮೊದಲ ಮೆಟ್ಟಿಲಲ್ಲೇ, ಗ್ರಾಹಕದ ಬಳಿಯೇ, ಅಸಿಟೈಲ್‌ಕೋಲಿನ್‌ಗೆ ಅಡ್ಡ ಬರುತ್ತವೆ. ಡ್ರೊಟಾವೆರಿನ್ ಗ್ರಾಹಕದ ತಂಟೆಗೆ ಹೋಗುವುದಿಲ್ಲ. ಅದು ಕೋಶದೊಳಗಿನ ಫಾಸ್ಫೊಡೈಎಸ್ಟರೇಸ್-4 ಕಿಣ್ವವನ್ನು ತಡೆದು ಸೈಕ್ಲಿಕ್ ಎಎಂಪಿ ಹೆಚ್ಚಿಸುತ್ತದೆ, ಆ ಮೂಲಕ ಮಯೋಸಿನ್ ಕೈನೇಸ್ ಮಂದವಾಗುತ್ತದೆ. ಹಾಗಾಗಿ ಡ್ರೊಟಾವೆರಿನ್‌ನಿಂದ ಬಾಯಿ ಒಣಗುವುದು, ಕಣ್ಣು ಮಂಜಾಗುವುದು, ಮೂತ್ರ ಕಟ್ಟುವುದು ಆಗುವುದಿಲ್ಲ. ಅದರ ಚುಚ್ಚುಮದ್ದನ್ನು ರಕ್ತನಾಳಕ್ಕೆ ಬೇಗ ಕೊಟ್ಟರೆ ರಕ್ತದೊತ್ತಡ ಕುಸಿಯುವ ಭಯ ಬೇರೆಯೇ ಇದೆ. ಮೆಬೆವೆರಿನ್ ಕೂಡ ನೇರವಾಗಿ ಸ್ನಾಯುವಿನ ಮೇಲೆ ಕೆಲಸ ಮಾಡುವಂಥದ್ದು. 135 ಮಿ.ಗ್ರಾಂ ದಿನಕ್ಕೆ ಮೂರು ಸಲ ಊಟಕ್ಕೆ 20 ನಿಮಿಷ ಮೊದಲು, ಇಲ್ಲವೇ ನಿಧಾನವಾಗಿ ಬಿಡುವ 200 ಮಿ.ಗ್ರಾಂ ಎರಡು ಸಲ.

ಡೈಸೈಕ್ಲೊಮೀನ್‌ಗೆ ಇನ್ನೊಂದು ಗುಣವಿದೆ. ಗಿನಿಪಿಗ್‌ನ ಬಿಡಿ ಕರುಳಿನ ತುಂಡಿನ ಮೇಲೆ ಮಾಡಿದ ಪರೀಕ್ಷೆಗಳಲ್ಲಿ ಅದರ ಅಸಿಟೈಲ್‌ಕೋಲಿನ್ ವಿರೋಧಿ ಬಲ, ಅದೇ ಗ್ರಾಹಕವನ್ನು ತಡೆಯುವ ಹಳೆಯ ಔಷಧ ಅಟ್ರೊಪಿನ್‌ನ ಸುಮಾರು ಎಂಟನೇ ಒಂದು ಪಾಲು ಮಾತ್ರ. ಆದರೆ ಬ್ರಾಡಿಕೈನಿನ್ ಮತ್ತು ಹಿಸ್ಟಮಿನ್ ಹಾಕಿ ಹುಟ್ಟಿಸಿದ ಸೆಳೆತವನ್ನೂ ಡೈಸೈಕ್ಲೊಮೀನ್ ಸಡಿಲಿಸಿತು, ಅಟ್ರೊಪಿನ್‌ಗೆ ಅದು ಆಗಲಿಲ್ಲ. ಗ್ರಾಹಕವನ್ನು ತಡೆಯುವುದರ ಜೊತೆಗೆ ಸ್ನಾಯುವಿನ ಮೇಲೆ ನೇರ ಪರಿಣಾಮವೂ ಇದೆ ಎನ್ನುವುದಕ್ಕೆ ಇದೇ ಆಧಾರ.

ಮರುಪ್ರಶ್ನೆ (ಅದೇ ಅಂಗಡಿ): ಹಾಗಾದರೆ ಮುಟ್ಟಿನ ಹೊಟ್ಟೆನೋವಿಗೆ ಮೆಫ್ಟಾಲ್ ಸ್ಪಾಸ್ ಬದಲು ಬರೀ ಡೈಸೈಕ್ಲೊಮೀನ್ ಸಾಕೇ?

ಉತ್ತರ (ಫಾರ್ಮಕಾಲಜಿ ಅಧ್ಯಾಪಕಿ): ಸಾಲದು. ಮುಟ್ಟಿನ ನೋವಿನ ಮೂಲ ಗರ್ಭಕೋಶದ ಒಳಪದರದಲ್ಲಿ ಹುಟ್ಟುವ ಪ್ರೊಸ್ಟಗ್ಲ್ಯಾಂಡಿನ್. ಅದರ ತಯಾರಿಕೆಯನ್ನೇ ತಡೆಯುವುದು ಮೆಫೆನಮಿಕ್ ಆಮ್ಲ. ಆ ಮಾತ್ರೆಯಲ್ಲಿ ಮುಟ್ಟಿನ ನೋವಿನ ಮಟ್ಟಿಗೆ ದುಡಿಯುವ ದೊಡ್ಡ ಪಾಲು ಅದರದೇ. ಬೇಧಿಯ ಜೊತೆಗಿನ ನುಲಿತಕ್ಕೆ ಲೆಕ್ಕ ತಿರುಗುಮುರುಗು: ಅಲ್ಲಿ ಬೇಕಿರುವುದು ಡೈಸೈಕ್ಲೊಮೀನ್ ಮಾತ್ರ, ಮೆಫೆನಮಿಕ್ ಆಮ್ಲ ಸುಮ್ಮನೆ ಹೊಟ್ಟೆಯ ಒಳಪದರಕ್ಕೆ ಹೊರೆ. ಒಂದೇ ಮಾತ್ರೆಯನ್ನು ಎರಡಕ್ಕೂ ಕೊಡುವ ರೂಢಿ ನನಗೆ ಸರಿ ಕಾಣುವುದಿಲ್ಲ.

ಮೆಫೆನಮಿಕ್ ಆಮ್ಲದ ಬಗ್ಗೆ ಕೌಂಟರಿನಲ್ಲಿ ನೆನಪಿರಬೇಕಾದವು: ಅಲ್ಸರ್, ಮೂತ್ರಪಿಂಡದ ಕಾಯಿಲೆ, ಆಸ್ಪಿರಿನ್‌ನಿಂದ ಉಬ್ಬಸ ಬರುವವರಿಗೆ ಅದು ಸಲ್ಲದು. ಮಳೆಗಾಲದಲ್ಲಿ ಜ್ವರದ ಜೊತೆ ಹೊಟ್ಟೆನೋವು ಎಂದು ಬಂದವರಿಗಂತೂ ಕೊಡಲೇಬೇಡಿ. ಅದು ಡೆಂಗ್ಯೂ ಆಗಿದ್ದರೆ ಈ ಗುಂಪಿನ ನೋವುನಿವಾರಕ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತದೆ, ಮತ್ತು ಡೆಂಗ್ಯೂವಿನಲ್ಲಿ ಬಿಡದ ಹೊಟ್ಟೆನೋವು ತಾನೇ ಒಂದು ಅಪಾಯದ ಸೂಚನೆ. ಅವರು ಹೋಗಬೇಕಾದದ್ದು ಆಸ್ಪತ್ರೆಗೆ. 2023ರ ನವೆಂಬರ್ 30ರಂದು ಭಾರತೀಯ ಫಾರ್ಮಕೋಪಿಯಾ ಆಯೋಗ ಮೆಫೆನಮಿಕ್ ಆಮ್ಲದಿಂದ ಡ್ರೆಸ್ ಸಿಂಡ್ರೋಮ್ ಬರಬಹುದೆಂದು ಎಚ್ಚರಿಕೆ ಹೊರಡಿಸಿತು. ಔಷಧ ಶುರುಮಾಡಿದ ಎರಡರಿಂದ ಎಂಟು ವಾರಗಳೊಳಗೆ ಜ್ವರ, ಮೈತುಂಬ ದದ್ದು, ಗ್ರಂಥಿಗಳ ಊತ ಕಾಣಿಸಿ, ಯಕೃತ್ತು ಮೊದಲಾದ ಅಂಗಗಳಿಗೆ ಪೆಟ್ಟು ಬೀಳುವ ಅಪರೂಪದ ಆದರೆ ಗಂಭೀರ ಅಲರ್ಜಿ ಅದು. ಮಾತ್ರೆ ತಿಂದದ್ದು ತಿಂಗಳ ಹಿಂದೆ ಎಂದು ಜನ ಅದನ್ನು ಹೇಳುವುದೇ ಇಲ್ಲ. ನಾವೇ ಕೇಳಬೇಕು.

ಸೈಕ್ಲೊಪಾಮ್ ಕೊಡುವಾಗ ಕೇಳಬೇಕಾದ ಪ್ರಶ್ನೆ ಬೇರೆ: "ಜ್ವರಕ್ಕೆ ಡೋಲೊ, ಕ್ರೋಸಿನ್ ಏನಾದರೂ ತಗೊಂಡಿದ್ದೀರಾ?" ಎರಡರಲ್ಲೂ ಪ್ಯಾರಾಸಿಟಮಾಲ್ ಇದೆ. ನಾಲ್ಕು ನಾಲ್ಕು ಸಲ ಎರಡನ್ನೂ ತಿಂದರೆ ದಿನದ ಮಿತಿ ಗೊತ್ತಾಗದ ಹಾಗೆ ದಾಟಿಹೋಗುತ್ತದೆ.

ಡೈಸೈಕ್ಲೊಮೀನ್ ಮತ್ತು ಮೆಫೆನಮಿಕ್ ಆಮ್ಲ ಎರಡೂ ಷೆಡ್ಯೂಲ್ ಎಚ್ ಔಷಧಗಳು. ಚೀಟಿ ಇಲ್ಲದೆ ಕೊಡುವುದು ಕಾನೂನಿಗೂ ಸಲ್ಲದು.

ಪ್ರಶ್ನೆ (ಬಿ.ಫಾರ್ಮ ವಿದ್ಯಾರ್ಥಿ, ಬೆಳಗಾವಿ): ಡೈಸೈಕ್ಲೊಮೀನ್, ಬಸ್ಕೊಪಾನ್ ಎರಡೂ ಆಂಟಿಕೋಲಿನರ್ಜಿಕ್, ಅಂದರೆ ಅಸಿಟೈಲ್‌ಕೋಲಿನ್‌ಗೆ ಅಡ್ಡ ಬರುವಂಥವು ಎಂದು ಓದಿದ್ದೇವೆ. ಹಾಗಿದ್ದೂ ಡೈಸೈಕ್ಲೊಮೀನ್ ತಲೆಸುತ್ತು, ಮಂಪರು ತರುತ್ತದೆ, ಬಸ್ಕೊಪಾನ್ ಮಾತ್ರೆ ಅಷ್ಟು ತರುವುದಿಲ್ಲ. ರಚನೆಯಲ್ಲಿ ಏನು ಕಾರಣ?

ಉತ್ತರ (ಔಷಧ ರಸಾಯನಶಾಸ್ತ್ರ ಅಧ್ಯಾಪಕ): ಎಲ್ಲ ಇರುವುದು ಆ ಒಂದು ನೈಟ್ರೋಜನ್‌ನಲ್ಲಿ.

ಡೈಸೈಕ್ಲೊಮೀನ್‌ನ ಅಂತರರಾಷ್ಟ್ರೀಯ ಹೆಸರು ಡೈಸೈಕ್ಲೊವೆರಿನ್. ಬ್ರಿಟಿಷ್ ಪುಸ್ತಕಗಳಲ್ಲಿ ಹಾಗೆ ಸಿಗುತ್ತದೆ, ಬೇರೆ ಔಷಧವೆಂದು ತಿಳಿಯಬೇಡಿ. ರಚನೆ ಬಿಡಿಸಿಕೊಳ್ಳಿ: ಒಂದು ಸೈಕ್ಲೊಹೆಕ್ಸೇನ್ ಉಂಗುರ, ಅದರ ಒಂದೇ ಕಾರ್ಬನ್ ಮೇಲೆ ಇನ್ನೊಂದು ಸೈಕ್ಲೊಹೆಕ್ಸೈಲ್ ಉಂಗುರವೂ ಕಾರ್ಬಾಕ್ಸಿಲೇಟ್ ಎಸ್ಟರ್ ಗುಂಪೂ ಕೂತಿವೆ. ಎಸ್ಟರಿನ ಆಚೆಗೆ ಎರಡು ಕಾರ್ಬನ್‌ಗಳ ಸೇತುವೆ, ಅದರ ತುದಿಯಲ್ಲಿ ಎರಡು ಈಥೈಲ್ ಗುಂಪು ಹೊತ್ತ ನೈಟ್ರೋಜನ್. ಪ್ರತ್ಯಾಮ್ಲ ರೂಪದಲ್ಲಿ 19 ಕಾರ್ಬನ್, 35 ಹೈಡ್ರೋಜನ್, 1 ನೈಟ್ರೋಜನ್, 2 ಆಕ್ಸಿಜನ್, ಅಣುತೂಕ 309.49. ಮಾತ್ರೆಯಲ್ಲಿರುವುದು ಹೈಡ್ರೋಕ್ಲೋರೈಡ್ ಲವಣ, ಅಣುತೂಕ 345.95. ಅಂದರೆ 10 ಮಿ.ಗ್ರಾಂ ಲವಣದಲ್ಲಿ ಪ್ರತ್ಯಾಮ್ಲ 8.95 ಮಿ.ಗ್ರಾಂ. ಕೈರಲ್ ಕೇಂದ್ರವಿಲ್ಲ. ಎಡ ಬಲ ರೂಪಗಳ ಗೋಜು ಇಲ್ಲಿಲ್ಲ.

ಎಸ್ಟರ್, ಎರಡು ಕಾರ್ಬನ್, ನೈಟ್ರೋಜನ್: ಇದೇ ಕ್ರಮ ಅಸಿಟೈಲ್‌ಕೋಲಿನ್‌ನಲ್ಲೂ ಇದೆ. ಅದಕ್ಕೇ ಗ್ರಾಹಕ ಇದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅಸಿಟೈಲ್ ಗುಂಪಿನ ಜಾಗದಲ್ಲಿ ಎರಡು ದಪ್ಪ ಉಂಗುರಗಳಿರುವುದರಿಂದ ಕೂತ ಮೇಲೆ ಗ್ರಾಹಕ ಚಾಲೂ ಆಗುವುದಿಲ್ಲ, ಜಾಗ ಮಾತ್ರ ತುಂಬಿರುತ್ತದೆ. ಇದು ಸ್ಪರ್ಧಾತ್ಮಕ ತಡೆ. ಅಸಿಟೈಲ್‌ಕೋಲಿನ್ ಹೆಚ್ಚಾದರೆ ಡೈಸೈಕ್ಲೊಮೀನ್ ಜಾಗ ಬಿಡಬೇಕಾಗುತ್ತದೆ.

ಈಗ ನಿಮ್ಮ ಪ್ರಶ್ನೆ. ಡೈಸೈಕ್ಲೊಮೀನ್‌ನದು ತೃತೀಯ ಅಮೀನ್. ಅದರ ಪಿಕೆಎ (ಅರ್ಧದಷ್ಟು ಅಣುಗಳು ಪ್ರೋಟಾನ್ ಹೊತ್ತಿರುವ ಪಿಎಚ್) ಸುಮಾರು 9 ಎಂದು ಹಿಡಿದರೆ, 7.4 ಪಿಎಚ್‌ನ ರಕ್ತದಲ್ಲಿ ನೂರು ಅಣುಗಳಲ್ಲಿ ಎರಡೋ ಮೂರೋ ವಿದ್ಯುದಂಶವಿಲ್ಲದೆ ಇರುತ್ತವೆ. ಸ್ವಲ್ಪವೇ ಅನಿಸಬಹುದು, ಆದರೆ ಎರಡು ಸೈಕ್ಲೊಹೆಕ್ಸೇನ್ ಉಂಗುರಗಳಿಂದಾಗಿ ಆ ಅಣುಗಳಿಗೆ ಕೊಬ್ಬಿನಲ್ಲಿ ಕರಗುವ ಗುಣ ಚೆನ್ನಾಗಿದೆ. ಅವು ಪೊರೆ ದಾಟಿದಂತೆ ಉಳಿದವುಗಳಿಂದ ಅಷ್ಟೇ ಪಾಲು ಮತ್ತೆ ವಿದ್ಯುದಂಶ ಕಳೆದುಕೊಳ್ಳುತ್ತವೆ, ಸಾಗಣೆ ನಿಲ್ಲುವುದಿಲ್ಲ. ಹಾಗಾಗಿ ಕರುಳಿನಿಂದ ಬೇಗ ಹೀರಲ್ಪಡುತ್ತದೆ, 60ರಿಂದ 90 ನಿಮಿಷದಲ್ಲಿ ರಕ್ತದಲ್ಲಿ ಶಿಖರ ಮುಟ್ಟುತ್ತದೆ, ಮಿದುಳಿಗೂ ದಾಟುತ್ತದೆ. ವಿತರಣಾ ಗಾತ್ರ ಕಿಲೋಗೆ ಸುಮಾರು 3.65 ಲೀಟರ್, ಅಂದರೆ ರಕ್ತಕ್ಕಿಂತ ಅಂಗಾಂಶಗಳಲ್ಲೇ ಹೆಚ್ಚು ಹರಡಿರುತ್ತದೆ. ಮೊದಲ ಹಂತದ ಅರ್ಧಾಯು ಸುಮಾರು 1.8 ಗಂಟೆ, ಅದರ ಹಿಂದೆ ಇನ್ನೂ ನಿಧಾನದ ಒಂದು ಹಂತವಿದೆ. ಕೊಟ್ಟದ್ದರಲ್ಲಿ ಶೇ. 79.5 ಮೂತ್ರದಲ್ಲಿ, ಶೇ. 8.4 ಮಲದಲ್ಲಿ ಹೊರಬೀಳುತ್ತದೆ.

ಹಯೊಸಿನ್ ಬ್ಯುಟೈಲ್‌ಬ್ರೋಮೈಡ್‌ನಲ್ಲಿ ನೈಟ್ರೋಜನ್‌ಗೆ ನಾಲ್ಕನೆಯ ಗುಂಪಾಗಿ ಬ್ಯುಟೈಲ್ ಸೇರಿಸಿದ್ದಾರೆ. ಅದು ಚತುರ್ಥಕ ಅಮೋನಿಯಂ, ಯಾವ ಪಿಎಚ್‌ನಲ್ಲೂ ಧನ ವಿದ್ಯುದಂಶ ಹೋಗುವುದಿಲ್ಲ. ಬಾಯಿಂದ ನುಂಗಿದ್ದರಲ್ಲಿ ಶೇ. 1ಕ್ಕಿಂತ ಕಡಿಮೆ ರಕ್ತಕ್ಕೆ ಸೇರುತ್ತದೆ, ಮಿದುಳಿನ ತಡೆಗೋಡೆ ದಾಟುವುದಿಲ್ಲ. ಅದು ಹುಟ್ಟಿದ್ದು ಹಯೊಸಿನ್‌ನಿಂದ. ನಮ್ಮ ಹಿತ್ತಲ ದತ್ತೂರಿಯಲ್ಲಿರುವ ಅದೇ ಆಲ್ಕಲಾಯ್ಡ್. ದತ್ತೂರಿ ಬೀಜ ತಿಂದವರಿಗೆ ಭ್ರಮೆ ಹಿಡಿಯುತ್ತದೆ, ಬ್ಯುಟೈಲ್ ಸೇರಿಸಿದ ಮಾತ್ರೆಯಿಂದ ಹಿಡಿಯುವುದಿಲ್ಲ. ಒಂದು ಗುಂಪು ಹೆಚ್ಚಿಗೆ ಕೂತದ್ದರಿಂದ ಆದ ವ್ಯತ್ಯಾಸ ಇದು. ಚುಚ್ಚುಮದ್ದಾಗಿ ಕೊಟ್ಟಾಗ ಮಾತ್ರ ಈ ರಕ್ಷಣೆ ಪೂರ್ತಿ ಸಿಗುವುದಿಲ್ಲ. ಎದೆಬಡಿತ ಏರುತ್ತದೆ, ಹೃದ್ರೋಗಿಗಳಲ್ಲಿ ಜಾಗ್ರತೆ ಬೇಕು.

ಮರುಪ್ರಶ್ನೆ (ಅದೇ ವಿದ್ಯಾರ್ಥಿ): ಎಸ್ಟರ್ ಇದ್ದಮೇಲೆ ಸಿರಪ್‌ನಲ್ಲಿ ಬೇಗ ಒಡೆಯಬೇಕಲ್ಲವೇ?

ಉತ್ತರ (ಔಷಧ ರಸಾಯನಶಾಸ್ತ್ರ ಅಧ್ಯಾಪಕ): ಒಡೆಯುತ್ತದೆ, ಆದರೆ ಬೇಗ ಅಲ್ಲ. ಕಾರ್ಬೊನಿಲ್ ಪಕ್ಕದ ಕಾರ್ಬನ್‌ಗೆ ಒಂದೂ ಹೈಡ್ರೋಜನ್ ಇಲ್ಲ, ಸುತ್ತ ಉಂಗುರಗಳೇ ಮುತ್ತಿವೆ. ನೀರಾಗಲಿ ಹೈಡ್ರಾಕ್ಸೈಡ್ ಆಗಲಿ ಹತ್ತಿರ ಬರಲು ಜಾಗ ಕಡಿಮೆ. ಪಿಎಚ್ ಏರಿದರೆ ಜಲವಿಭಜನೆ ಚುರುಕಾಗುತ್ತದೆ, ಒಂದು ಕಡೆ ಬೈಸೈಕ್ಲೊಹೆಕ್ಸೈಲ್ ಕಾರ್ಬಾಕ್ಸಿಲಿಕ್ ಆಮ್ಲ, ಇನ್ನೊಂದು ಕಡೆ ಡೈಈಥೈಲ್‌ಅಮೈನೊಎಥನಾಲ್ ಸಿಗುತ್ತದೆ. ಲವಣದ ಶೇ. 1ರ ನೀರಿನ ದ್ರಾವಣದ ಪಿಎಚ್ 5.0ರಿಂದ 5.5. ಆ ಆಮ್ಲೀಯ ವಲಯದಲ್ಲೇ ಇಡುವುದು ಕ್ಷೇಮ. ಕ್ಷಾರೀಯ ಬಫರ್ ಬೆರೆತರೆ ಒಡೆಯುವುದಕ್ಕೆ ಮೊದಲೇ ಇನ್ನೊಂದು ತೊಂದರೆ: ಪ್ರತ್ಯಾಮ್ಲ ಎಣ್ಣೆಯ ಹನಿಯಾಗಿ ಬೇರ್ಪಟ್ಟು ದ್ರಾವಣ ಹಾಲಿನಂತೆ ಮಸುಕಾಗುತ್ತದೆ. ಸಿರಪ್‌ನಲ್ಲಿ ಎದುರಾಗುವ ದೊಡ್ಡ ಕಷ್ಟ ರುಚಿಯದು. ಲವಣ ವಿಪರೀತ ಕಹಿ.

ಪ್ರಶ್ನೆ (ಗುಣಮಟ್ಟ ಪರೀಕ್ಷಾ ವಿಭಾಗ, ಬೆಂಗಳೂರು): ಮೆಫೆನಮಿಕ್ ಆಮ್ಲ ಮತ್ತು ಡೈಸೈಕ್ಲೊಮೀನ್ ಮಾತ್ರೆಯ ಎಚ್‌ಪಿಎಲ್‌ಸಿ ಪರೀಕ್ಷೆಯಲ್ಲಿ (ದ್ರಾವಣವನ್ನು ಕಾಲಂನಲ್ಲಿ ಹರಿಸಿ ಬೇರ್ಪಡಿಸಿ, ಬೆಳಕು ಹೀರುವುದನ್ನು ಅಳೆಯುವ ವಿಧಾನ) 254 ನ್ಯಾನೊಮೀಟರ್‌ನಲ್ಲಿ ಡೈಸೈಕ್ಲೊಮೀನ್ ಪೀಕ್ ಬರುತ್ತಲೇ ಇಲ್ಲ. ಕಚ್ಚಾವಸ್ತುವಿನ ಟೈಟ್ರೇಶನ್‌ನಲ್ಲೂ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಫಲಿತಾಂಶ.

ಉತ್ತರ (ವಿಶ್ಲೇಷಣಾ ರಸಾಯನಜ್ಞೆ): ಪೀಕ್ ಬರುವುದು ಸಾಧ್ಯವೂ ಇಲ್ಲ. ಅಣುವಿನಲ್ಲಿ ಬೆಂಜೀನ್ ಉಂಗುರವಿಲ್ಲ, ಎರಡೂ ಉಂಗುರ ಪೂರ್ತಿ ಹೈಡ್ರೋಜನ್ ತುಂಬಿದವು. ಬೆಳಕು ಹೀರುವುದಕ್ಕೆ ಇರುವುದು ಆ ಒಂದು ಎಸ್ಟರ್ ಮಾತ್ರ, ಅದೂ 220ರ ಕೆಳಗೆ. 215 ನ್ಯಾನೊಮೀಟರ್‌ಗೆ ಇಳಿಯಿರಿ. ಅಲ್ಲಿಗೆ ಇಳಿದರೆ ಚಲನ ಹಂತವನ್ನೂ (ಕಾಲಂ ಮೂಲಕ ಹರಿಯುವ ದ್ರವ) ಬದಲಿಸಬೇಕು: ಮೆಥನಾಲ್ ಬೇಡ, ಅಸಿಟೊನೈಟ್ರೈಲ್ ಇರಲಿ. ಅಸಿಟೇಟ್ ಬಫರ್ ತಾನೇ ಆ ತರಂಗಾಂತರದಲ್ಲಿ ಹೀರುತ್ತದೆ, ಫಾಸ್ಫೇಟ್ ಹಾಕಿ. ಪೀಕಿನ ಬಾಲ ಎಳೆದರೆ ಕಾರಣ ಸಿಲಿಕಾದ ಮೇಲೆ ಉಳಿದ ಸಿಲನಾಲ್‌ಗಳಿಗೆ ಅಮೀನ್ ಅಂಟುವುದು. ಎಂಡ್‌ಕ್ಯಾಪ್ ಆದ ಸಿ18 ಕಾಲಂ, ಕಡಿಮೆ ಪಿಎಚ್, ಬೇಕಾದರೆ ಸ್ವಲ್ಪ ಟ್ರೈಈಥೈಲ್‌ಅಮೀನ್.

ನಿಜವಾದ ತಲೆನೋವು ಪ್ರಮಾಣದ್ದು. 250ಕ್ಕೆ 10, ಅಂದರೆ ತೂಕದಲ್ಲಿ 25 ಪಟ್ಟು ಮೆಫೆನಮಿಕ್ ಆಮ್ಲ. ಅದಕ್ಕೆ ಎರಡು ಆರೊಮ್ಯಾಟಿಕ್ ಉಂಗುರವಿರುವುದರಿಂದ ಡಿಟೆಕ್ಟರ್ ಮೇಲೆ ಅದರ ದನಿಯೇ ಜೋರು. ಒಂದೇ ಇಂಜೆಕ್ಷನ್‌ನಲ್ಲಿ ಎರಡನ್ನೂ ಅಳೆಯುವ ಹಟ ಬಿಡಿ. ಮೆಫೆನಮಿಕ್ ಆಮ್ಲಕ್ಕೆ ತೆಳು ದ್ರಾವಣ, 285ರ ಆಸುಪಾಸಿನ ತರಂಗಾಂತರ. ಡೈಸೈಕ್ಲೊಮೀನ್‌ಗೆ ಗಟ್ಟಿ ದ್ರಾವಣ, 215. ಗಟ್ಟಿ ದ್ರಾವಣದಲ್ಲಿ ಮೆಫೆನಮಿಕ್ ಆಮ್ಲ ಪೂರ್ತಿ ಕರಗಿದೆಯೇ, ಎರಡು ಪೀಕ್ ನಡುವೆ ಅಂತರ ಸಾಕಷ್ಟಿದೆಯೇ ಎಂದು ನೋಡಿ, ಇಲ್ಲದಿದ್ದರೆ ದೊಡ್ಡ ಪೀಕಿನ ಬಾಲದಲ್ಲಿ ಚಿಕ್ಕದು ಮುಳುಗುತ್ತದೆ. ಮಾಸ್ ಡಿಟೆಕ್ಟರೋ ಚಾರ್ಜ್ಡ್ ಏರೊಸಾಲ್ ಡಿಟೆಕ್ಟರೋ ಇದ್ದರೆ ಬೆಳಕು ಹೀರುವ ಹಂಗೇ ತಪ್ಪುತ್ತದೆ.

ಉಪಕರಣ ಇಲ್ಲದ ಕಡೆ ಆಮ್ಲ ವರ್ಣದ ಹಳೆಯ ವಿಧಾನ ಇನ್ನೂ ಕೆಲಸಕ್ಕೆ ಬರುತ್ತದೆ. ಆಮ್ಲೀಯ ಬಫರ್‌ನಲ್ಲಿ ಬ್ರೊಮೊಕ್ರೆಸಾಲ್ ಗ್ರೀನ್ ಸೇರಿಸಿದರೆ ಪ್ರೋಟಾನ್ ಹೊತ್ತ ಡೈಸೈಕ್ಲೊಮೀನ್ ಅದರೊಂದಿಗೆ ಜೋಡಿಯಾಗಿ ಕ್ಲೋರೊಫಾರ್ಮ್‌ಗೆ ಇಳಿಯುತ್ತದೆ, ಹಳದಿ ಬಣ್ಣವನ್ನು ಸುಮಾರು 415 ನ್ಯಾನೊಮೀಟರ್‌ನಲ್ಲಿ ಓದಬೇಕು. ತಪ್ಪುವುದು ಮೂರು ಕಡೆ: ಬಫರ್ ಪಿಎಚ್ ಸರಿದರೆ ಬಣ್ಣವೇ ಬದಲು, ಜೋರಾಗಿ ಕುಲುಕಿದರೆ ಎಮಲ್ಷನ್, ಕ್ಲೋರೊಫಾರ್ಮ್ ಪದರದಲ್ಲಿ ನೀರು ಉಳಿದರೆ ಮಸುಕು. ನೀರಿಲ್ಲದ ಸೋಡಿಯಂ ಸಲ್ಫೇಟ್ ಮೇಲೆ ಹಾಯಿಸಿ. ಮೆಫೆನಮಿಕ್ ಆಮ್ಲ ಮಾತ್ರ ಇರುವ ಬ್ಲ್ಯಾಂಕ್ ಅನ್ನು ಕಡ್ಡಾಯವಾಗಿ ಇಡಿ.

ಟೈಟ್ರೇಶನ್ ವಿಚಾರ. ಸುಮಾರು 600 ಮಿ.ಗ್ರಾಂ ನಿಖರವಾಗಿ ತೂಗಿ, 70 ಮಿ.ಲೀ ಗ್ಲೇಶಿಯಲ್ ಅಸಿಟಿಕ್ ಆಮ್ಲದಲ್ಲಿ ಕರಗಿಸಿ, 10 ಮಿ.ಲೀ ಮರ್ಕ್ಯುರಿಕ್ ಅಸಿಟೇಟ್ ದ್ರಾವಣ, ಒಂದು ಹನಿ ಕ್ರಿಸ್ಟಲ್ ವಯೊಲೆಟ್ ಹಾಕಿ 0.1 ನಾರ್ಮಲ್ ಪರ್ಕ್ಲೋರಿಕ್ ಆಮ್ಲದಿಂದ ನೀಲಿ ಹಸಿರಿನವರೆಗೆ ಹೋಗುವುದು. ಪ್ರತಿ ಮಿ.ಲೀ 34.60 ಮಿ.ಗ್ರಾಂ ಲವಣಕ್ಕೆ ಸಮ, ಅಂದರೆ 600ಕ್ಕೆ 17.34 ಮಿ.ಲೀ ಬರಬೇಕು. ಮರ್ಕ್ಯುರಿಕ್ ಅಸಿಟೇಟ್ ಇರುವುದು ಕ್ಲೋರೈಡ್ ಅನ್ನು ವಿಭಜಿಸದ ಮರ್ಕ್ಯುರಿಕ್ ಕ್ಲೋರೈಡ್ ಆಗಿ ಕಟ್ಟಿಹಾಕುವುದಕ್ಕೆ. ಅದಿಲ್ಲದಿದ್ದರೆ ಅಂತಿಮ ಬಿಂದು ಚೂಪಾಗುವುದಿಲ್ಲ.

ಬೆಳಿಗ್ಗೆ ಮಧ್ಯಾಹ್ನದ ವ್ಯತ್ಯಾಸಕ್ಕೆ ಮೊದಲು ಅನುಮಾನಿಸಬೇಕಾದದ್ದು ಕೋಣೆಯ ಉಷ್ಣತೆ. ಅಸಿಟಿಕ್ ಆಮ್ಲ ಪ್ರತಿ ಡಿಗ್ರಿಗೆ ಸುಮಾರು ಶೇ. 0.11ರಷ್ಟು ಹಿಗ್ಗುತ್ತದೆ. 22 ಡಿಗ್ರಿಯಲ್ಲಿ ಪ್ರಮಾಣೀಕರಿಸಿದ ಪರ್ಕ್ಲೋರಿಕ್ ಆಮ್ಲವನ್ನು 28 ಡಿಗ್ರಿಯಲ್ಲಿ ಬಳಸಿದರೆ ಶೇ. 0.66 ತಪ್ಪು, 17.34 ಮಿ.ಲೀ ಮೇಲೆ 0.11 ಮಿ.ಲೀ. ಇದರಿಂದಲೇ ಒಳ್ಳೆಯ ಬ್ಯಾಚ್ ಕೂಡ ಮಿತಿ ಮೀರಿದಂತೆ ಕಾಣಬಹುದು. ಎರಡೂ ಸಲ ಉಷ್ಣತೆ ಬರೆದಿಟ್ಟು ತಿದ್ದುಪಡಿ ಮಾಡಿ, ಅಥವಾ ಅದೇ ಹೊತ್ತಿನಲ್ಲಿ ಮತ್ತೆ ಪ್ರಮಾಣೀಕರಿಸಿ. ಎರಡನೆಯ ಅನುಮಾನ ನೀರು. ನೀರು ಈ ಮಾಧ್ಯಮದಲ್ಲಿ ಪ್ರತ್ಯಾಮ್ಲದಂತೆ ವರ್ತಿಸಿ ಬಣ್ಣ ಬದಲಾಗುವ ಘಳಿಗೆಯನ್ನು ಎಳೆದಾಡಿಸುತ್ತದೆ. ಇನ್ನು ಪಾದರಸದ ತ್ಯಾಜ್ಯ: ಅದನ್ನು ಸಿಂಕಿಗೆ ಸುರಿಯಬೇಡಿ. ಸಾಧ್ಯವಿದ್ದರೆ ಆಲ್ಕೋಹಾಲ್‌ನಲ್ಲಿ ಕರಗಿಸಿ ಸ್ವಲ್ಪ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ, ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಪೊಟೆನ್ಶಿಯೊಮೆಟ್ರಿಕ್ ಆಗಿ ಮಾಡಿ, ಎರಡು ತಿರುವುಗಳ ನಡುವಿನ ಗಾತ್ರ ಓದಿ. ಪಾದರಸವೇ ಬೇಕಿಲ್ಲ. ಕರಗುವ ಬಿಂದುವನ್ನೂ ನೋಡಿಕೊಳ್ಳಿ, 169ರಿಂದ 174 ಡಿಗ್ರಿ ಸೆಲ್ಸಿಯಸ್ ನಡುವೆ ಬರಬೇಕು.

ಪ್ರಶ್ನೆ (ತಾಯಿ, ದಾವಣಗೆರೆ): ಮಗುವಿಗೆ ಮೂರು ತಿಂಗಳು. ಸಂಜೆಯಾದರೆ ಕಾಲು ಮಡಚಿಕೊಂಡು ಅಳುತ್ತದೆ. ಹೊಟ್ಟೆನೋವಿನ ಡ್ರಾಪ್ಸ್ ಹಾಕಬಹುದೇ?

ಉತ್ತರ (ಮಕ್ಕಳ ವೈದ್ಯೆ): ಡೈಸೈಕ್ಲೊಮೀನ್ ಇರುವ ಡ್ರಾಪ್ಸ್ ಬೇಡವೇ ಬೇಡ. ಆರು ತಿಂಗಳೊಳಗಿನ ಶಿಶುಗಳಿಗೆ ಅದು ನಿಷಿದ್ಧ. ಇಂಥ ಶಿಶುಗಳಲ್ಲಿ ಉಸಿರು ನಿಲ್ಲುವುದು, ಫಿಟ್ಸ್, ಮೈ ಜೋಲುಬೀಳುವುದು, ಎಚ್ಚರ ತಪ್ಪುವುದು ವರದಿಯಾಗಿದೆ, ಸಾವುಗಳೂ ಆಗಿವೆ. ಹೀಗೆ ತೀರಿಕೊಂಡ ಮೂರು ಶಿಶುಗಳ ರಕ್ತದಲ್ಲಿ ಮಿ.ಲೀಟರಿಗೆ 200, 220 ಮತ್ತು 505 ನ್ಯಾನೊಗ್ರಾಂ ಔಷಧ ಕಂಡುಬಂದಿತ್ತು.

ಬಾಟಲಿಯ ಮೇಲೆ "ಕೋಲಿಕ್" ಎಂಬ ದನಿಯ ಹೆಸರು ಇದ್ದ ಮಾತ್ರಕ್ಕೆ ಒಳಗಿರುವುದು ಒಂದೇ ಅಲ್ಲ. ಕೆಲವುದರಲ್ಲಿ ಗಾಳಿಗುಳ್ಳೆ ಒಡೆಯುವ ಸಿಮೆಥಿಕೋನ್ ಜೊತೆ ಸಬ್ಬಸಿಗೆ, ಸೋಂಪಿನ ಎಣ್ಣೆ ಇರುತ್ತದೆ. ಸಿಮೆಥಿಕೋನ್ ಕರುಳಿನಿಂದ ರಕ್ತಕ್ಕೆ ಹೀರಲ್ಪಡುವುದಿಲ್ಲ. ಇನ್ನು ಕೆಲವುದರಲ್ಲಿ ಸಿಮೆಥಿಕೋನ್ ಜೊತೆ ಡೈಸೈಕ್ಲೊಮೀನ್ ಇರುತ್ತದೆ. ಲೇಬಲ್ಲಿನ ಸಣ್ಣಕ್ಷರದಲ್ಲಿ "ಡೈಸೈಕ್ಲೊಮೀನ್" ಅಥವಾ "ಡೈಸೈಕ್ಲೊವೆರಿನ್" ಎಂದಿದೆಯೇ ನೋಡಿ. ದೊಡ್ಡ ಮಕ್ಕಳಿಗೆಂದು ತಂದ ಸಸ್ಪೆನ್ಷನ್‌ಗೂ ಡ್ರಾಪ್ಸ್‌ಗೂ ಗಾಢತೆ ಬೇರೆ ಇರಬಹುದು, ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕಬೇಡಿ.

ಈಗಾಗಲೇ ಕೊಟ್ಟಿದ್ದು, ಮಗು ಮಂಕಾಗಿದ್ದರೆ, ಉಸಿರಾಟ ನಿಂತು ನಿಂತು ಬರುತ್ತಿದ್ದರೆ, ಮೈ ಕೆಂಪೇರಿ ಬಿಸಿಯಾಗಿದ್ದರೆ ಕಾಯದೆ 108ಕ್ಕೆ ಕರೆ ಮಾಡಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಹಸಿರು ವಾಂತಿ, ಮಲದಲ್ಲಿ ರಕ್ತ, ಹೊಟ್ಟೆ ಉಬ್ಬಿ ಗಟ್ಟಿಯಾಗುವುದು, ಜ್ವರ, ಹಾಲು ಬಿಡುವುದು ಇದ್ದರೆ ಅದನ್ನು ಕೋಲಿಕ್ ಎಂದು ಮನೆಯಲ್ಲಿ ಇಟ್ಟುಕೊಳ್ಳಬಾರದು. ಇವೇನೂ ಇಲ್ಲದೆ ಸಂಜೆ ಮಾತ್ರ ಅತ್ತು, ಉಳಿದ ಹೊತ್ತು ಚೆನ್ನಾಗಿ ಹಾಲು ಕುಡಿದು ತೂಕ ಏರುತ್ತಿದ್ದರೆ ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳಿಗೆ ತಾನಾಗಿ ಕಡಿಮೆಯಾಗುತ್ತದೆ. ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿ ತೇಗು ಬರಿಸಿ, ಎತ್ತಿಕೊಂಡು ಓಡಾಡಿ.

ನೀವು ಎದೆಹಾಲು ಕುಡಿಸುತ್ತಿದ್ದರೆ ನಿಮಗೂ ಈ ಮಾತ್ರೆ ಸಲ್ಲದು. ಔಷಧ ಹಾಲಿಗೆ ಸೇರುತ್ತದೆ.

ಪ್ರಶ್ನೆ (ಸ್ಟಾಫ್ ನರ್ಸ್): ಡೈಸೈಕ್ಲೊಮೀನ್ ಚುಚ್ಚುಮದ್ದನ್ನು ಡ್ರಿಪ್‌ಗೆ ಸೇರಿಸಬಹುದೇ?

ಉತ್ತರ (ಆಸ್ಪತ್ರೆ ಫಾರ್ಮಸಿಸ್ಟ್): ಇಲ್ಲ. ಮಿ.ಲೀಟರಿಗೆ 10 ಮಿ.ಗ್ರಾಂ ಇರುವ ಆ ಆಂಪೂಲ್ ಸ್ನಾಯುವಿಗೆ ಮಾತ್ರ. ರಕ್ತನಾಳಕ್ಕೆ ಹೋದರೆ ರಕ್ತ ಹೆಪ್ಪುಗಟ್ಟುವುದು, ನಾಳದ ಉರಿಯೂತ ಆಗಿವೆ. ಸೂಜಿ ಹಾಕಿದ ಮೇಲೆ ಹಿಂದಕ್ಕೆ ಎಳೆದು ರಕ್ತ ಬರುತ್ತಿಲ್ಲ ಎಂದು ನೋಡಿಯೇ ಒತ್ತಿ. ಸ್ನಾಯುವಿಗೆ ಕೊಟ್ಟಾಗ ದೇಹಕ್ಕೆ ಸಿಗುವ ಪ್ರಮಾಣ ಬಾಯಿಂದ ಕೊಟ್ಟದ್ದರ ಸುಮಾರು ಎರಡರಷ್ಟು, ಆದ್ದರಿಂದ ಮಾತ್ರೆಯ ಡೋಸನ್ನು ಹಾಗೇ ಚುಚ್ಚುಮದ್ದಿಗೆ ಬದಲಿಸಬಾರದು. ಒಂದೆರಡು ದಿನದೊಳಗೆ ಮಾತ್ರೆಗೆ ಮರಳಬೇಕು. ರಕ್ತನಾಳಕ್ಕೇ ಕೊಡಬೇಕೆಂದಿದ್ದರೆ ವೈದ್ಯರು ಹಯೊಸಿನ್ ಬ್ಯುಟೈಲ್‌ಬ್ರೋಮೈಡ್ 20 ಮಿ.ಗ್ರಾಂ ಬರೆಯುತ್ತಾರೆ, ಅದನ್ನು ನಿಧಾನವಾಗಿ ಕೊಡಬಹುದು.

ಪ್ರಶ್ನೆ (ಐಬಿಎಸ್ ಎಂಬ ಕೆರಳುವ ಕರುಳಿನ ತೊಂದರೆ ಇರುವವರು, ಮೈಸೂರು): ವೈದ್ಯರು 20 ಮಿ.ಗ್ರಾಂ ಬರೆದಿದ್ದಾರೆ. ಊಟಕ್ಕೆ ಮೊದಲೋ ನಂತರವೋ? ಎಷ್ಟು ದಿನ?

ಉತ್ತರ (ಫಾರ್ಮಕಾಲಜಿ ಅಧ್ಯಾಪಕಿ): ಬರೀ ಡೈಸೈಕ್ಲೊಮೀನ್ ಆಗಿದ್ದರೆ ಊಟಕ್ಕೆ ಅರ್ಧ ಗಂಟೆ ಮೊದಲು. ಐಬಿಎಸ್‌ನಲ್ಲಿ ನುಲಿತ ಏಳುವುದು ಹೆಚ್ಚಾಗಿ ಊಟದ ಬೆನ್ನಿಗೇ, ಔಷಧದ ಶಿಖರವೂ ಆ ಹೊತ್ತಿಗೆ ಬರಲಿ ಎಂದು. ಮೆಫೆನಮಿಕ್ ಆಮ್ಲ ಸೇರಿದ ಮಾತ್ರೆಯಾದರೆ ಊಟದ ನಂತರ. ಆಂಟಾಸಿಡ್ ಅನ್ನು ಇದರ ಜೊತೆಗೇ ಕುಡಿಯಬೇಡಿ, ಹೀರುವಿಕೆ ಕುಂದುತ್ತದೆ.

ಅಮೆರಿಕದಲ್ಲಿ ಈ ಔಷಧ 1950ರಿಂದಲೂ ಇದೆ. ಅಲ್ಲಿಯ ಕ್ರಮ 20 ಮಿ.ಗ್ರಾಂ ದಿನಕ್ಕೆ ನಾಲ್ಕು ಸಲ ಶುರು, ವಾರದ ಮೇಲೆ ತಾಳಿಕೆ ನೋಡಿ 40ಕ್ಕೆ ಏರಿಕೆ. ಎರಡು ವಾರದಲ್ಲಿ ಗುಣ ಕಾಣದಿದ್ದರೆ, ಅಥವಾ ಅಡ್ಡಪರಿಣಾಮದಿಂದ ದಿನಕ್ಕೆ 80 ಮಿ.ಗ್ರಾಂ ಕೂಡ ತಾಳದಿದ್ದರೆ, ನಿಲ್ಲಿಸಬೇಕು. ದಿನಕ್ಕೆ 160 ಮಿ.ಗ್ರಾಂ ಕೊಟ್ಟ ಪ್ರಯೋಗಗಳಲ್ಲಿ ಶೇ. 82 ಜನರಿಗೆ ಗುಣ ಕಂಡಿತು, ಹುಸಿ ಮಾತ್ರೆ ತಿಂದವರಲ್ಲಿ ಶೇ. 55. ಈ ಎರಡನೆಯ ಸಂಖ್ಯೆಯನ್ನು ಮರೆಯಬಾರದು: ಐಬಿಎಸ್ ತಾನಾಗಿ ಏರಿಳಿಯುವ ತೊಂದರೆ. ಅದೇ ಪ್ರಮಾಣದಲ್ಲಿ ತಲೆಸುತ್ತು ಶೇ. 40, ಬಾಯಿ ಒಣಗುವುದು ಶೇ. 33, ಕಣ್ಣು ಮಂಜು ಶೇ. 27 ಜನರಿಗೆ ಆಗಿತ್ತು. ಭಾರತದಲ್ಲಿ ಸಾಮಾನ್ಯವಾಗಿ ಬರೆಯುವ 10ರಿಂದ 20 ಮಿ.ಗ್ರಾಂ ಮೂರು ಹೊತ್ತಿಗೆ ಇಷ್ಟಾಗುವುದಿಲ್ಲ. ಆದರೂ ಮೊದಲ ಡೋಸ್ ತಿಂದು ಬೈಕ್ ಹತ್ತಬೇಡಿ. ಮಲಬದ್ಧತೆ ಹೆಚ್ಚಿರುವ ಐಬಿಎಸ್ ನಿಮ್ಮದಾದರೆ ವೈದ್ಯರಿಗೆ ಹೇಳಿ, ಈ ಮಾತ್ರೆ ಅದನ್ನು ಇನ್ನೂ ಬಿಗಿ ಮಾಡುತ್ತದೆ.

ಪ್ರಶ್ನೆ (ಮಗಳು, ಕಲಬುರಗಿ): ತಂದೆಗೆ 74. ಪ್ರಾಸ್ಟೇಟ್ ದೊಡ್ಡದಾಗಿದೆ, ನರನೋವಿಗೆ ಅಮಿಟ್ರಿಪ್ಟಿಲಿನ್ ತಿನ್ನುತ್ತಾರೆ. ಹೊಟ್ಟೆ ಹಿಡಿದುಕೊಂಡಾಗಲೆಲ್ಲ ಮನೆಯಲ್ಲಿರುವ ಡೈಸೈಕ್ಲೊಮೀನ್ ಮಾತ್ರೆ ತಿನ್ನುತ್ತಾರೆ.

ಉತ್ತರ (ಆಸ್ಪತ್ರೆ ಫಾರ್ಮಸಿಸ್ಟ್): ದಯವಿಟ್ಟು ಆ ಸ್ಟ್ರಿಪ್ ಎತ್ತಿಡಿ. ಮೂತ್ರಕೋಶವನ್ನು ಹಿಂಡುವುದೂ ಅದೇ ಎಂ3 ಗ್ರಾಹಕ. ಕೆಳಗೆ ಪ್ರಾಸ್ಟೇಟ್ ಅಡ್ಡ ಕೂತಿರುವಾಗ ಮೇಲಿನ ಹಿಂಡುವ ಬಲವೂ ಕುಂದಿದರೆ ಮೂತ್ರ ಪೂರ್ತಿ ಕಟ್ಟಬಹುದು. ಅಮಿಟ್ರಿಪ್ಟಿಲಿನ್ ಕೂಡ ಆಂಟಿಕೋಲಿನರ್ಜಿಕ್, ಎರಡರ ಭಾರ ಕೂಡುತ್ತದೆ. ಅದರ ಮೇಲೆ ನೆಗಡಿಗೆಂದು ಕ್ಲೋರ್‌ಫೆನಿರಮೈನ್ ಸೇರಿದರೆ ಮೂರು. ಈ ವಯಸ್ಸಿನಲ್ಲಿ ರಾತ್ರಿ ಏನೇನೋ ಮಾತಾಡುವುದು, ದಿಕ್ಕು ತಪ್ಪುವುದು, ಬೀಳುವುದು ಹೀಗೇ ಶುರುವಾಗುತ್ತದೆ, ಮನೆಯವರು ಅದನ್ನು ಅರಳುಮರಳು ಅಂದುಕೊಳ್ಳುತ್ತಾರೆ. ಅಮೆರಿಕದ ವೃದ್ಧವೈದ್ಯ ಸಂಘದ ಬಿಯರ್ಸ್ ಪಟ್ಟಿಯಲ್ಲಿ ಹಿರಿಯರಿಗೆ ತಪ್ಪಿಸಬೇಕಾದ ಔಷಧಗಳ ಸಾಲಿನಲ್ಲಿ ಡೈಸೈಕ್ಲೊಮೀನ್ ಇದೆ.

ನಿಮ್ಮ ಊರಿಗೆ ಇನ್ನೊಂದು ಮಾತು. ಬೆವರು ಗ್ರಂಥಿಗಳೂ ಮಸ್ಕರಿನಿಕ್ ಗ್ರಾಹಕದಿಂದಲೇ ಕೆಲಸ ಮಾಡುತ್ತವೆ. 40 ಡಿಗ್ರಿ ದಾಟುವ ಏಪ್ರಿಲ್, ಮೇನಲ್ಲಿ ಬೆವರು ನಿಂತರೆ ದೇಹ ತಣಿಯಲು ದಾರಿ ಉಳಿಯುವುದಿಲ್ಲ, ಬಿಸಿಲಾಘಾತ ಬೇಗ ಹಿಡಿಯುತ್ತದೆ. ಚರ್ಮ ಒಣಗಿ ಬಿಸಿಯಾಗಿ, ಮಾತು ತೊದಲಿದರೆ ಮೈಗೆ ನೀರು ಹಾಕಿ ತಕ್ಷಣ ಆಸ್ಪತ್ರೆಗೆ.

ಗ್ಲಾಕೊಮಾ (ಕಣ್ಣಿನ ಒತ್ತಡದ ಕಾಯಿಲೆ), ಮಯಸ್ತೇನಿಯಾ ಗ್ರಾವಿಸ್ (ಸ್ನಾಯು ಬಲ ಕುಂದುವ ಕಾಯಿಲೆ), ಕರುಳಿನ ಅಡಚಣೆ, ತೀವ್ರ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಹುಣ್ಣು), ಆಹಾರ ಹಿಂದಕ್ಕೆ ಬಂದು ಅನ್ನನಾಳ ಹುಣ್ಣಾಗಿರುವವರು: ಇವರಿಗೂ ನಿಷಿದ್ಧ. ಹೃದಯಕ್ಕೆಂದು ಡಿಗಾಕ್ಸಿನ್ ಮಾತ್ರೆ ತಿನ್ನುವವರಲ್ಲಿ ಕರುಳು ನಿಧಾನವಾಗುವುದರಿಂದ ಡಿಗಾಕ್ಸಿನ್ ಮಟ್ಟ ಏರಬಹುದು. ಪೊಟ್ಯಾಸಿಯಂ ಕ್ಲೋರೈಡ್ ಮಾತ್ರೆ ಕರುಳಿನಲ್ಲಿ ಒಂದೇ ಕಡೆ ನಿಂತು ಹುಣ್ಣು ಮಾಡಬಹುದು, ಅವರಿಗೆ ದ್ರವರೂಪ ಮೇಲು. ನಿಮ್ಮ ತಂದೆಗೆ ಹೊಟ್ಟೆ ಪದೇ ಪದೇ ಹಿಡಿಯಲು ಕಾರಣವೇನೆಂದು ಮೊದಲು ತೋರಿಸಿ. 74ರಲ್ಲಿ ಹೊಸದಾಗಿ ಶುರುವಾದ ಹೊಟ್ಟೆನೋವನ್ನು ಐಬಿಎಸ್ ಎಂದು ಊಹಿಸಬಾರದು. ಸೆಳೆತ ನಿವಾರಕವೇ ಬೇಕೆಂದು ವೈದ್ಯರಿಗೆ ಅನಿಸಿದರೆ ಮೆಬೆವೆರಿನ್‌ನಂಥದ್ದನ್ನು ಕೇಳಿ ನೋಡಿ.

ಪ್ರಶ್ನೆ (ಔಷಧ ಅಂಗಡಿ, ಹಾವೇರಿ): ವಾಂತಿ, ಹೊಟ್ಟೆನೋವು ಎರಡೂ ಇರುವವರಿಗೆ ಒಂದೇ ಚೀಟಿಯಲ್ಲಿ ಮೆಟೊಕ್ಲೊಪ್ರಮೈಡ್ ಮತ್ತು ಡೈಸೈಕ್ಲೊಮೀನ್ ಬರುತ್ತದೆ. ಜೊತೆಗೆ ಕೊಡಬಹುದೇ?

ಉತ್ತರ (ಫಾರ್ಮಕಾಲಜಿ ಅಧ್ಯಾಪಕಿ): ಮೆಟೊಕ್ಲೊಪ್ರಮೈಡ್ ಜಠರವನ್ನು ಮುಂದಕ್ಕೆ ನೂಕುವುದು ಅಸಿಟೈಲ್‌ಕೋಲಿನ್ ಮೂಲಕ. ಡೈಸೈಕ್ಲೊಮೀನ್ ಅದನ್ನೇ ತಡೆಯುತ್ತದೆ. ಮಿದುಳಿನ ವಾಂತಿ ಕೇಂದ್ರದ ಮೇಲಿನ ಪರಿಣಾಮ ಉಳಿಯುತ್ತದೆ, ನೂಕುವ ಕೆಲಸ ಕೆಡುತ್ತದೆ. ಕೊಟ್ಟೇ ತೀರಬೇಕೆಂದಿಲ್ಲ, ವೈದ್ಯರಿಗೆ ಫೋನ್ ಮಾಡಿ ಕೇಳಿ. ವಾಂತಿ ತಡೆಯುವ ಇನ್ನೊಂದು ಔಷಧವಾದ ಒಂಡನ್ಸೆಟ್ರಾನ್‌ಗೆ ಬದಲಿಸಬಹುದು.

ಬೇಧಿಯ ಜೊತೆ ಜ್ವರ, ಮಲದಲ್ಲಿ ರಕ್ತ ಇದ್ದರೆ ಡೈಸೈಕ್ಲೊಮೀನ್ ಕೊಡುವುದೇ ತಪ್ಪು. ಸೋಂಕು ತಗುಲಿದ ಕರುಳು ತನ್ನೊಳಗಿನದನ್ನು ಹೊರಹಾಕುತ್ತಿರುತ್ತದೆ, ಅದನ್ನು ನಿಲ್ಲಿಸಿದರೆ ದೊಡ್ಡ ಕರುಳು ಉಬ್ಬುವ ಅಪಾಯವಿದೆ. ಅವರ ಕೈಗೆ ಓಆರ್‌ಎಸ್ ಕೊಟ್ಟು ವೈದ್ಯರ ಬಳಿ ಕಳಿಸಿ. ಹೊಕ್ಕಳ ಸುತ್ತ ಶುರುವಾಗಿ ಬಲ ಕೆಳಭಾಗಕ್ಕೆ ಸರಿದು ಅಲ್ಲೇ ನಿಂತ ನೋವಿಗೂ ಹಾಗೆಯೇ. ಅದು ಅಪೆಂಡಿಕ್ಸ್ ಆಗಿರಬಹುದು, ಮಾತ್ರೆ ನುಂಗಿ ರಾತ್ರಿ ಕಳೆಯುವ ನೋವಲ್ಲ.